ಸಿಮ್ಯುಲೇಟರಿನೊಳಗಿನ ನೆಲವೂ ನಮ್ಮ ತೋಟದ ನೆಲವೂ

ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕು ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾದುದು ಸದಸ್ಯರಿಗೆಲ್ಲ ತಿಳಿದ ಸಂಗತಿ. ಹೆಲಿಕಾಪ್ಟರ್ ತಯಾರಾದರೆ ಸಾಲದು, ಅದನ್ನು ನಡೆಸುವವರೂ ತಯಾರಾಗಬೇಕಷ್ಟೆ. ಆ ಚಾಲಕರ ಕಲಿಕೆಯ ಒಂದು ಭಾಗ ನೆಲ ಬಿಟ್ಟು ಮೇಲೇಳದ ಯಂತ್ರವೊಂದರಲ್ಲಿ ನಡೆಯುತ್ತದೆ. ಅದಕ್ಕೆ ಸಿಮ್ಯುಲೇಟರ್ ಎಂದು ಹೆಸರು. ಚಾಲಕನ ಕಣ್ಣೆದುರಿನ ತೆರೆಯ ಮೇಲೆ ಬೆಟ್ಟ, ಕೆರೆ, ತೋಟ, ಊರುಗಳೆಲ್ಲ ಹಿಂದಕ್ಕೆ ಸರಿಯುತ್ತಿರುತ್ತವೆ. ಆ ನೆಲ ಬಹುಮಟ್ಟಿಗೆ ವಿಮಾನದಿಂದಲೋ ಉಪಗ್ರಹದಿಂದಲೋ ತೆಗೆದ ನಿಜವಾದ ಛಾಯಾಚಿತ್ರವೇ.

ಅಡಿಕೆ, ಕಾಫಿ ಬೆಳೆಗಾರರ ಪತ್ರಿಕೆಯಲ್ಲಿ ಈ ವಿಷಯ ಏಕೆ ಎಂದು ಕೇಳುವವರಿರಬಹುದು. ಕಾರಣವುಂಟು. ಅದೇ ಬಗೆಯ ಚಿತ್ರ ಈಗ ನಮ್ಮ ಕೈಯ ಫೋನಿನಲ್ಲಿಯೂ ಬರುತ್ತಿದೆ. ಡ್ರೋನ್ ಹಾರಿಸುವವರು ತೋಟದ ಬೇಲಿಯವರೆಗೆ ಬಂದು, "ನಿಮ್ಮ ತೋಟದ ಚಿತ್ರ ತೆಗೆದುಕೊಡುತ್ತೇವೆ, ಮರ ಎಣಿಸಿ ಕೊಡುತ್ತೇವೆ, ಗಡಿ ತೋರಿಸುತ್ತೇವೆ" ಎನ್ನುತ್ತಿದ್ದಾರೆ. ಸಿಮ್ಯುಲೇಟರಿಗೆ ಚಿತ್ರ ಸಿದ್ಧಪಡಿಸುವ ಕ್ರಮವನ್ನು ಒಮ್ಮೆ ತಿಳಿದುಕೊಂಡರೆ, ಮೇಲಿನಿಂದ ತೆಗೆದ ಚಿತ್ರವನ್ನು ಯಾವುದಕ್ಕೆ ನಂಬಬಹುದು, ಯಾವುದಕ್ಕೆ ನಂಬಬಾರದು ಎಂಬುದು ತಾನಾಗಿ ತಿಳಿಯುತ್ತದೆ. ಆದ್ದರಿಂದ ಈ ಲೇಖನ.

ಸಿಮ್ಯುಲೇಟರ್ ಬೆಳೆದು ಬಂದ ಬಗೆ

ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ 1929ರಲ್ಲಿ ಇಂಥ ಮೊದಲ ಯಂತ್ರಗಳಲ್ಲೊಂದನ್ನು ಮಾಡಿದ. ಅವನ ತಂದೆಯದು ಪಿಯಾನೋ, ಆರ್ಗನ್ ವಾದ್ಯ ತಯಾರಿಸುವ ಕಾರ್ಖಾನೆ. ಆರ್ಗನ್ನಿಗೆ ಗಾಳಿ ಊದುವ ತಿದಿಗಳನ್ನೇ ಬಳಸಿ ಅವನು ಪುಟ್ಟ ವಿಮಾನದಂಥ ಪೆಟ್ಟಿಗೆಯೊಂದನ್ನು ಅತ್ತಿತ್ತ ಓಲಾಡುವಂತೆ ಮಾಡಿದ. ಅದರಲ್ಲಿ ಹೊರಗಿನ ನೋಟ ಇರಲಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಕುಳಿತು ಮುಳ್ಳುಗಳನ್ನು ನೋಡಿಯೇ ಹಾರಾಟ ಕಲಿಯಬೇಕಾಗಿತ್ತು. ಅನಂತರದ ಕಾಲದಲ್ಲಿ ದೊಡ್ಡ ಹಲಗೆಯ ಮೇಲೆ ಬೆಟ್ಟ, ರಸ್ತೆ, ಮನೆಗಳ ಚಿಕ್ಕ ಮಾದರಿ ಕಟ್ಟಿ, ಅದರ ಮೇಲೆ ಕ್ಯಾಮರಾ ಓಡಿಸಿ, ಆ ನೋಟವನ್ನು ಚಾಲಕನಿಗೆ ತೋರಿಸುತ್ತಿದ್ದರು. ಕಂಪ್ಯೂಟರ್ ಬಲಿತ ಮೇಲೆ ಹಲಗೆ ಹೋಯಿತು, ಅದರ ಜಾಗಕ್ಕೆ ಛಾಯಾಚಿತ್ರ ಬಂತು.

ಈ ವಿದ್ಯೆಯಲ್ಲಿ ಬೆಂಗಳೂರಿಗೆ ಒಳ್ಳೆಯ ಹೆಸರಿದೆ. 1959ರಲ್ಲಿ ಸ್ಥಾಪನೆಯಾದ ರಕ್ಷಣಾ ಸಂಶೋಧನೆಯ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್ ಅಲ್ಲಿಯೇ ಇದೆ. ಸಿಮ್ಯುಲೇಟರ್ ನಿರ್ಮಾಣ ಅದರ ಕೆಲಸಗಳಲ್ಲೊಂದು. ಹಿಂದೂಸ್ತಾನ್ ಏರೋನಾಟಿಕ್ಸ್ ಮತ್ತು ಕೆನಡಾದ ಸಿ.ಎ.ಇ. ಕಂಪೆನಿ ಜೊತೆಗೂಡಿ ಕಟ್ಟಿದ ಹ್ಯಾಟ್ಸಾಫ್ ಎಂಬ ಹೆಲಿಕಾಪ್ಟರ್ ಸಿಮ್ಯುಲೇಟರ್ ತರಬೇತಿ ಕೇಂದ್ರವೂ 2010ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾಯಿತು.

ಮೊದಲ ಕೆಲಸ: ಓರೆ ತಿದ್ದುವುದು

ಈಗ ಬಲಸಮುದ್ರದ ಸುತ್ತಿನ ನೆಲವನ್ನು ಸಿಮ್ಯುಲೇಟರಿಗೆ ಸಿದ್ಧಪಡಿಸಬೇಕಾಗಿದೆ ಎಂದು ಇಟ್ಟುಕೊಳ್ಳೋಣ. ಒಂದೇ ಚಿತ್ರದಲ್ಲಿ ಅಷ್ಟು ನೆಲ ಹಿಡಿಸುವುದಿಲ್ಲ. ಉಳುವವನು ಸಾಲು ಹಿಡಿದು ಉಳುವಂತೆ ವಿಮಾನ ಅಥವಾ ಡ್ರೋನ್ ಸಾಲು ಸಾಲಾಗಿ ಹೋಗಿಬಂದು ನೂರಾರು ಚಿತ್ರ ತೆಗೆಯುತ್ತದೆ. ಒಂದು ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗ ಮುಂದಿನ ಚಿತ್ರದಲ್ಲಿಯೂ ಬರುವಂತೆ ನೋಡಿಕೊಳ್ಳುತ್ತಾರೆ. ವಿಮಾನದಲ್ಲಿ ಈ ಒತ್ತು ಸಾಮಾನ್ಯವಾಗಿ ನೂರಕ್ಕೆ 60ರಷ್ಟು, ಡ್ರೋನಿನಲ್ಲಿ ಇನ್ನೂ ಹೆಚ್ಚು. ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ಎರಡು ಕಡೆಯಿಂದ ನೋಡಿ ದೂರ ಅಳೆಯುವಂತೆ, ಒಂದೇ ಜಾಗದ ಎರಡು ಚಿತ್ರಗಳಿಂದ ಕಂಪ್ಯೂಟರ್ ಆ ಜಾಗದ ಎತ್ತರವನ್ನು ಲೆಕ್ಕ ಹಾಕುತ್ತದೆ.

ಇಲ್ಲಿ ಬೆಳೆಗಾರರು ಗಮನಿಸತಕ್ಕ ಮುಖ್ಯ ಸಂಗತಿಯಿದೆ. ಕ್ಯಾಮರಾದ ನೇರ ಕೆಳಗಿರುವ ಮರ ಮಾತ್ರ ನೆಟ್ಟಗೆ ಕಾಣುತ್ತದೆ. ಪಕ್ಕಕ್ಕಿರುವ ಮರಗಳು ಹೊರಕ್ಕೆ ವಾಲಿದಂತೆ ಕಾಣುತ್ತವೆ. ಎಷ್ಟು ವಾಲುತ್ತವೆ ಎಂಬುದನ್ನು ಲೆಕ್ಕ ಮಾಡಬಹುದು. ಡ್ರೋನ್ ನೆಲದಿಂದ 400 ಅಡಿ ಎತ್ತರದಲ್ಲಿದೆ, ಅಡಿಕೆ ಮರದ ಎತ್ತರ 50 ಅಡಿ, ಮರದ ಬುಡ ಡ್ರೋನಿನ ನೇರ ಕೆಳಗಿನ ಜಾಗದಿಂದ 200 ಅಡಿ ದೂರದಲ್ಲಿದೆ ಎನ್ನಿ. ಈ 200ನ್ನು 50ರಿಂದ ಗುಣಿಸಿ, 400ರಲ್ಲಿ 50 ಕಳೆದು ಬಂದ 350ರಿಂದ ಭಾಗಿಸಿದರೆ 28 ಅಡಿಗೂ ಸ್ವಲ್ಪ ಹೆಚ್ಚು ಬರುತ್ತದೆ. ಎಂದರೆ ಮರದ ಸುಳಿ ಚಿತ್ರದಲ್ಲಿ ತನ್ನ ಬುಡದಿಂದ 28 ಅಡಿ ಆಚೆ ಬೀಳುತ್ತದೆ. ಒಂಬತ್ತು ಅಡಿಗೊಂದು ಸಾಲು ನೆಟ್ಟ ತೋಟದಲ್ಲಿ ಇದು ಮೂರು ಸಾಲಿನ ದೂರ! ಅದೇ ಮರವನ್ನು 10,000 ಅಡಿ ಎತ್ತರದ ವಿಮಾನದಿಂದ ತೆಗೆದರೆ ಈ ವಾಲು ಒಂದು ಅಡಿಯಷ್ಟೇ.

ಈ ಓರೆಯನ್ನು ತಿದ್ದಿ, ಪ್ರತಿಯೊಂದು ಬಿಂದುವೂ ನೇರ ಮೇಲಿನಿಂದ ನೋಡಿದಂತೆ ಮಾಡಿದ ಚಿತ್ರಕ್ಕೆ ಆರ್ಥೋ ಚಿತ್ರ ಎನ್ನುತ್ತಾರೆ. ತಿದ್ದುವುದರಲ್ಲಿಯೂ ಎರಡು ಬಗೆಯುಂಟು. ಬರಿಯ ನೆಲದ ಎತ್ತರವನ್ನು ಹಿಡಿದು ತಿದ್ದಿದರೆ ಬುಡ ಸರಿಯಾದ ಜಾಗಕ್ಕೆ ಬರುತ್ತದೆ, ಸುಳಿ ವಾಲಿಕೊಂಡೇ ಉಳಿಯುತ್ತದೆ. ಮರ, ಮನೆಗಳ ಎತ್ತರವನ್ನೂ ಹಿಡಿದು ತಿದ್ದಿದರೆ ಮಾತ್ರ ಸುಳಿ ಬುಡದ ಮೇಲೆ ಕೂರುತ್ತದೆ. ತೋಟ ದಟ್ಟವಾಗಿದ್ದರೆ ಮೇಲಿನಿಂದ ಕಾಣುವುದು ಸುಳಿ ಮಾತ್ರ, ಬುಡ ಕಾಣುವುದೇ ಇಲ್ಲ ಎಂಬುದನ್ನೂ ನೆನಪಿಡಬೇಕು.

ಇಷ್ಟಾದ ಮೇಲೆ ಚಿತ್ರವನ್ನು ಭೂಮಿಯ ಮೇಲಿನ ಅದರ ನಿಜವಾದ ಜಾಗದಲ್ಲಿ ಕೂರಿಸಬೇಕು. ಇದಕ್ಕಾಗಿ ನೆಲದ ಮೇಲೆ ಅಲ್ಲಲ್ಲಿ ಸುಣ್ಣದಿಂದಲೋ ಬಿಳಿ ಬಟ್ಟೆಯಿಂದಲೋ ಗುರುತು ಹಾಕಿ, ಆ ಗುರುತುಗಳ ಸ್ಥಾನವನ್ನು ಒಳ್ಳೆಯ ಉಪಕರಣದಿಂದ ಮೊದಲೇ ಅಳೆದಿಟ್ಟುಕೊಳ್ಳುತ್ತಾರೆ. ಚಿತ್ರದಲ್ಲಿ ಗುರುತು ಕಂಡ ಜಾಗಕ್ಕೂ ಅಳೆದ ಜಾಗಕ್ಕೂ ಎಷ್ಟು ಅಂತರ ಬಂತೆಂಬುದೇ ಕೆಲಸದ ಒಳ್ಳೆಯದು ಕೆಟ್ಟದನ್ನು ಹೇಳುವ ತಕ್ಕಡಿ.

ಎರಡನೆಯ ಕೆಲಸ: ಎತ್ತರ ಕೂರಿಸುವುದು

ಚಿತ್ರ ಚಪ್ಪಟೆಯಾದದ್ದು, ನೆಲ ಚಪ್ಪಟೆಯಲ್ಲ. ಆದ್ದರಿಂದ ಎತ್ತರದ ಅಂಕಿಗಳಿಂದ ಬಲೆಯಂಥ ಚೌಕಟ್ಟು ಕಟ್ಟಿ, ಅದರ ಮೇಲೆ ಚಿತ್ರವನ್ನು ಕಂಬಳಿಯಂತೆ ಹೊದಿಸುತ್ತಾರೆ. ಈ ಅಂಕಿಗಳು ಹಲವು ಕಡೆಯಿಂದ ಸಿಗುತ್ತವೆ. 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ನೌಕೆ 11 ದಿನಗಳ ಯಾನದಲ್ಲಿ ರಡಾರಿನಿಂದ ಭೂಮಿಯ ಬಹುಭಾಗದ ಎತ್ತರ ಅಳೆಯಿತು. ನಮ್ಮ ದೇಶದ ಕಾರ್ಟೋಸ್ಯಾಟ್-1 ಉಪಗ್ರಹ 2005ರ ಮೇ 5ರಂದು ಹಾರಿತು. ಮುಂದಕ್ಕೊಂದು ಹಿಂದಕ್ಕೊಂದು ವಾಲಿದ ಎರಡು ಕ್ಯಾಮರಾಗಳಿಂದ ಒಂದೇ ನೆಲವನ್ನು ಎರಡು ಸಲ ನೋಡಿ ಎತ್ತರ ತಿಳಿಯುವ ಏರ್ಪಾಡು ಅದರಲ್ಲಿತ್ತು.

ಇಂಥ ಬಲೆಯ ಒಂದೊಂದು ಕಣ್ಣು ಸಾಮಾನ್ಯವಾಗಿ 30 ಮೀಟರ್, ಅಂದರೆ ಸುಮಾರು 98 ಅಡಿ. ಅಷ್ಟು ಜಾಗಕ್ಕೆಲ್ಲ ಒಂದೇ ಎತ್ತರ. ಹೀಗಾಗಿ ನಮ್ಮ ತೆರೆದ ಬಾವಿ ಅದರಲ್ಲಿ ಕಾಣುವುದಿಲ್ಲ. ಕೆರೆಯ ಏರಿ ಸವೆದು ಹೋದಂತೆ ತಗ್ಗಾಗುತ್ತದೆ. ದಟ್ಟವಾದ ತೆಂಗಿನ ತೋಪು ಇರುವಲ್ಲಿ ರಡಾರ್ ಎಲೆಯ ಮಟ್ಟವನ್ನೇ ನೆಲವೆಂದು ಭಾವಿಸುವುದರಿಂದ ಅಲ್ಲಿ ಚಿಕ್ಕ ದಿಬ್ಬವೊಂದು ಎದ್ದಂತೆ ತೋರುತ್ತದೆ.

ಕಡಿದಾದ ಬೆಟ್ಟದಲ್ಲಿ ತೊಂದರೆ ಇನ್ನೊಂದು ಬಗೆಯದು. ಏಕಶಿಲೆಯೆಂದು ಹೆಸರಾದ ಮಧುಗಿರಿಯ ಬೆಟ್ಟವನ್ನೇ ತೆಗೆದುಕೊಳ್ಳಿ. ನೇರ ಮೇಲಿನಿಂದ ನೋಡುವಾಗ ಗೋಡೆಯಂಥ ಬಂಡೆಯ ಮೈ ಕಾಣುವುದೇ ಕಡಿಮೆ. 300 ಅಡಿ ಎತ್ತರದ ಬಂಡೆಯ ಮೈ ಮೇಲಿನಿಂದ 60 ಅಡಿ ಅಗಲವಾಗಿ ಕಂಡರೆ, ಆ 60 ಅಡಿಯ ಚಿತ್ರವನ್ನು ಐದು ಪಟ್ಟು ಎಳೆದು ಬಂಡೆಗೆ ಹೊದಿಸಬೇಕಾಗುತ್ತದೆ. ಆಗ ಬಂಡೆಯ ಮೇಲೆ ಬಣ್ಣ ಸುರಿದು ಗೆರೆಗೆರೆಯಾಗಿ ಇಳಿದಂತೆ ಕಾಣುತ್ತದೆ. ಇದನ್ನು ಸರಿಪಡಿಸಲು ಪಕ್ಕದಿಂದ ಓರೆಯಾಗಿ ತೆಗೆದ ಚಿತ್ರಗಳು ಬೇಕು. ಕೆಳಮಟ್ಟದಲ್ಲಿ ಹಾರುವ ಹೆಲಿಕಾಪ್ಟರ್ ಚಾಲಕನಿಗೆ ಬೆಟ್ಟದ ಮೈ ಎಷ್ಟು ಹತ್ತಿರದಲ್ಲಿದೆಯೆಂದು ತಿಳಿಯಬೇಕಾದರೆ ಇದು ಅಗತ್ಯ.

ಮೂರನೆಯ ಕೆಲಸ: ಬಣ್ಣ ಮತ್ತು ಕಾಲ

ನಮ್ಮ ಸೀಮೆಯ ನೆಲ ವರ್ಷದಲ್ಲಿ ಹಲವು ಬಣ್ಣ ತಾಳುತ್ತದೆ. ಏಪ್ರಿಲ್ ತಿಂಗಳಲ್ಲಿ ಹೊಲವೆಲ್ಲ ಕೆಂಪು, ಕೆರೆಯ ಅಂಗಳ ಬಿರುಕು. ಮಳೆ ಚೆನ್ನಾಗಿ ಆದ ವರ್ಷ ಅಕ್ಟೋಬರಿನಲ್ಲಿ ಅದೇ ನೆಲ ಹಸಿರು, ಕೆರೆಯಲ್ಲಿ ನೀರು. ಬೇಸಿಗೆಯ ಚಿತ್ರವನ್ನೂ ಮಳೆಗಾಲದ ಚಿತ್ರವನ್ನೂ ಪಕ್ಕಪಕ್ಕ ಜೋಡಿಸಿದರೆ ತೇಪೆ ಹಾಕಿದ ಪಂಚೆಯಂತೆ ಕಾಣುತ್ತದೆ. ಆದುದರಿಂದ ಸಿಮ್ಯುಲೇಟರಿಗೆ ಚಿತ್ರ ಸಿದ್ಧಪಡಿಸುವವರು ಒಂದರ ಬಣ್ಣವನ್ನು ಇನ್ನೊಂದರ ಬಣ್ಣಕ್ಕೆ ಒಗ್ಗಿಸುತ್ತಾರೆ. ಜೋಡಣೆಯ ಗೆರೆ ಕಾಣದಂತೆ ಅದನ್ನು ರಸ್ತೆಯ ಅಂಚಿಗೋ ಹಳ್ಳದ ದಡಕ್ಕೋ ಸರಿಸುತ್ತಾರೆ. ಮೋಡವಿದ್ದ ಜಾಗಕ್ಕೆ ಬೇರೊಂದು ದಿನದ ಚಿತ್ರದ ತುಂಡು ತಂದು ಹಾಕುತ್ತಾರೆ. ಮರದ ಉದ್ದ ನೆರಳನ್ನು ತಿಳಿಮಾಡುತ್ತಾರೆ, ರಸ್ತೆಯ ಮೇಲಿನ ಲಾರಿ ಬಸ್ಸುಗಳನ್ನು ಅಳಿಸುತ್ತಾರೆ. ಸಿಮ್ಯುಲೇಟರಿನಲ್ಲಿ ಸಂಜೆಯ ಹಾರಾಟ ನಡೆಯುವಾಗ ಚಿತ್ರದಲ್ಲಿ ಮಧ್ಯಾಹ್ನದ ನೆರಳು ಇರಬಾರದಲ್ಲವೆ?

ಚಿತ್ರ ಯಾವ ವರ್ಷದ್ದು ಎಂಬುದೂ ಮುಖ್ಯ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ 13,000 ಎಕರೆಯಷ್ಟು ನೆಲದಲ್ಲಿ ಸೌರ ವಿದ್ಯುತ್ ಪಾರ್ಕ್ ಎದ್ದಿದೆ. 2018ರ ಮಾರ್ಚಿನಲ್ಲಿ ಅದರ ಮೊದಲ ಹಂತ ಉದ್ಘಾಟನೆಯಾಯಿತು. ಅದಕ್ಕೆ ಹಿಂದಿನ ಚಿತ್ರದಲ್ಲಿ ಅಲ್ಲಿ ಬರಿಯ ಹೊಲ, ಅನಂತರದ ಚಿತ್ರದಲ್ಲಿ ಕಣ್ಣು ಹರಿಯುವವರೆಗೂ ನೀಲಿ ಹಲಗೆಗಳ ಸಾಲು. ಹಳೆಯ ಚಿತ್ರದಲ್ಲಿ ಕಲಿತ ಚಾಲಕ ನಿಜವಾಗಿ ಅಲ್ಲಿ ಹಾರಿದರೆ ದಾರಿ ತಪ್ಪಿದೆನೆಂದೇ ತಿಳಿದಾನು.

ನಾಲ್ಕನೆಯ ಕೆಲಸ: ನೀರು, ಮರ, ಮನೆ

ನೆಲಕ್ಕೆ ಚಿತ್ರ ಹೊದಿಸಿದರೂ ತೋಟ ತೋಟವಾಗುವುದಿಲ್ಲ. ದೂರದಿಂದ ನೋಡುವಾಗ ಸರಿಯಾಗಿಯೇ ಕಾಣುತ್ತದೆ. ಕೆಳಗಿಳಿದಾಗ ಅಡಿಕೆ ತೋಟ ನೆಲಕ್ಕೆ ಹಾಸಿದ ಹಸಿರು ಚಾಪೆಯಾಗಿಬಿಡುತ್ತದೆ. ಹೆಲಿಕಾಪ್ಟರ್ ಚಾಲಕ ತಾನು ಎಷ್ಟು ಎತ್ತರದಲ್ಲಿದ್ದೇನೆಂಬುದನ್ನು ಮರ, ಮನೆ, ಕಂಬಗಳ ಗಾತ್ರ ನೋಡಿಯೇ ಅಂದಾಜು ಮಾಡುತ್ತಾನೆ. 50 ಅಡಿಯ ಮರಗಳಿರುವಲ್ಲಿ ಚಾಪೆ ಕಂಡರೆ ಅವನ ಅಂದಾಜು 50 ಅಡಿ ತಪ್ಪುತ್ತದೆ. ಇಳಿಯುವ ಹೊತ್ತಿನಲ್ಲಿ 50 ಅಡಿ ಎಂದರೆ ಪ್ರಾಣದ ಮಾತು. ಆದ್ದರಿಂದ ಚಿತ್ರದಲ್ಲಿ ಎಲ್ಲೆಲ್ಲಿ ತೋಟ, ಎಲ್ಲೆಲ್ಲಿ ಊರು, ಎಲ್ಲೆಲ್ಲಿ ನೀರು ಎಂಬುದಕ್ಕೆ ಗಡಿ ಎಳೆದು, ತೋಟದೊಳಗೆ ಎತ್ತರವಿರುವ ಮರಗಳನ್ನೂ, ಊರಿನೊಳಗೆ ಮನೆಗಳನ್ನೂ ನಿಲ್ಲಿಸುತ್ತಾರೆ. ನೀರಿಗೆ ಬೆಳಕನ್ನು ಪ್ರತಿಫಲಿಸುವ ಗುಣ ಕೊಡುತ್ತಾರೆ. ವಿದ್ಯುತ್ ತಂತಿ, ಗೋಪುರಗಳನ್ನು ಒಂದೊಂದಾಗಿ ಸೇರಿಸುತ್ತಾರೆ, ಏಕೆಂದರೆ ತಂತಿ ಚಿತ್ರದಲ್ಲಿ ಕಾಣುವುದು ಅಪರೂಪ.

ಇಡೀ ಭೂಮಿಗೆ ಈ ಕೆಲಸವನ್ನು ಕೈಯಿಂದ ಮಾಡಲಾಗದು. 2020ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ಕಂಪೆನಿ ಹೊರತಂದ ಹಾರಾಟದ ಆಟದಲ್ಲಿ ಕಂಪ್ಯೂಟರೇ ಚಿತ್ರಗಳನ್ನು ನೋಡಿ, ನಕ್ಷೆಗಳ ಮಾಹಿತಿಯನ್ನೂ ಸೇರಿಸಿ, ಮರ, ಮನೆಗಳನ್ನು ನಿಲ್ಲಿಸಿತು. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಒಂದು ಬಡಾವಣೆಯಲ್ಲಿ ಸಾಧಾರಣ ಮನೆಗಳ ನಡುವೆ 212 ಅಂತಸ್ತಿನ ಕಂಬದಂಥ ಕಟ್ಟಡ ಎದ್ದು ನಿಂತಿತು. ಸಾರ್ವಜನಿಕ ನಕ್ಷೆಯಲ್ಲಿ ಯಾರೋ 2 ಎಂದು ಬರೆಯುವ ಬದಲು 212 ಎಂದು ಬರೆದದ್ದೇ ಕಾರಣ. ಯಂತ್ರಕ್ಕೆ ಲೆಕ್ಕ ಗೊತ್ತು, ಊರು ಗೊತ್ತಿಲ್ಲ. ಊರು ಬಲ್ಲವರೊಬ್ಬರು ನೋಡಿದ್ದರೆ ಆ ತಪ್ಪು ಒಂದು ಗಳಿಗೆಯಲ್ಲಿ ಸಿಕ್ಕಿಬಿಡುತ್ತಿತ್ತು.

ಕೊನೆಯ ಕೆಲಸ: ತುಂಡು ಮಾಡುವುದು

ಚಿತ್ರವೆಂದರೆ ಚುಕ್ಕಿಗಳ ರಾಶಿ. ಒಂದು ಚುಕ್ಕಿಗೆ ಒಂದು ಮೀಟರ್ ನೆಲವೆಂದರೆ ಒಂದು ಚದರ ಕಿಲೋಮೀಟರಿಗೆ 10 ಲಕ್ಷ ಚುಕ್ಕಿ. ತುಮಕೂರು ಜಿಲ್ಲೆಯ ವಿಸ್ತೀರ್ಣ 10,597 ಚದರ ಕಿಲೋಮೀಟರ್. ಎಂದರೆ ಸಾವಿರ ಕೋಟಿಗೂ ಮೇಲೆ ಚುಕ್ಕಿ. ಒಂದು ಚುಕ್ಕಿಗೆ 25 ಸೆಂಟಿಮೀಟರ್ ನೆಲವೆಂದರೆ ಇದರ 16 ಪಟ್ಟು. ಇಷ್ಟನ್ನೂ ಕಂಪ್ಯೂಟರ್ ಒಮ್ಮೆಲೇ ಎತ್ತಲಾರದು. ಅದಕ್ಕಾಗಿ ಚಿತ್ರವನ್ನು ಹಂಚುಗಳಂತೆ ಚೌಕವಾಗಿ ಕತ್ತರಿಸಿ, ಪ್ರತಿಯೊಂದು ಹಂಚಿಗೂ ಅರ್ಧ ಗಾತ್ರದ್ದು, ಕಾಲು ಗಾತ್ರದ್ದು, ಹೀಗೆ ಸಣ್ಣ ಪ್ರತಿಗಳನ್ನು ಮಾಡಿಡುತ್ತಾರೆ. ಹತ್ತಿರದ ನೆಲಕ್ಕೆ ದೊಡ್ಡ ಪ್ರತಿ, ದೂರದ ನೆಲಕ್ಕೆ ಸಣ್ಣ ಪ್ರತಿ. ಸಣ್ಣ ಪ್ರತಿಗಳೆಲ್ಲ ಸೇರಿ ಮೂಲದ ಮೂರನೆಯ ಒಂದರಷ್ಟು ಜಾಗ ಮಾತ್ರ ಹೆಚ್ಚಾಗಿ ಬೇಕಾಗುತ್ತದೆ. ನಾವು ಫೋನಿನಲ್ಲಿ ನಕ್ಷೆ ತೆರೆದಾಗ ಮೊದಲು ಮಸುಕಾಗಿ ಕಂಡು ಆಮೇಲೆ ಸ್ಪಷ್ಟವಾಗುವುದು ಇದರಿಂದಲೇ.

ಕಣ್ಣಿಗೆ ಒಪ್ಪುವುದು ಬೇರೆ, ಅಳತೆಗೆ ಒಪ್ಪುವುದು ಬೇರೆ

ಮೇಲಿನದನ್ನೆಲ್ಲ ಓದಿದವರಿಗೆ ಒಂದು ಮಾತು ಹೊಳೆದಿರಬೇಕು. ಸಿಮ್ಯುಲೇಟರಿನ ಚಿತ್ರ ಚಾಲಕನ ಕಣ್ಣಿಗಾಗಿ ಸಿದ್ಧವಾದದ್ದು. ಅದಕ್ಕಾಗಿ ಬಣ್ಣ ಬದಲಾಯಿತು, ನೆರಳು ಹೋಯಿತು, ಬೇರೆ ಬೇರೆ ದಿನದ ತುಂಡುಗಳು ಒಂದಾದವು. ಇದು ಮೋಸವಲ್ಲ, ಆ ಕೆಲಸಕ್ಕೆ ಅದೇ ಸರಿ. ಆದರೆ ಅಳಿಸಿಹೋದದ್ದರಲ್ಲಿ ಬೆಳೆಗಾರನಿಗೆ ಬೇಕಾದದ್ದೇ ಹೆಚ್ಚು. ಅಣಬೆ ರೋಗ ತಗಲಿದ ಅಡಿಕೆ ಮರದ ಹೊರಸುತ್ತಿನ ಗರಿಗಳು ಹಳದಿಯಾಗಿ ಜೋತು ಬೀಳುತ್ತವೆ. ಅಕ್ಕಪಕ್ಕದ ಹಸಿರಿಗೆ ಬಣ್ಣ ಒಗ್ಗಿಸಿದ ಚಿತ್ರದಲ್ಲಿ ಆ ಹಳದಿಯೇ ಮೊದಲು ಮಾಯವಾಗುತ್ತದೆ.

ಚಿತ್ರದಿಂದ ರೋಗ ತಿಳಿಯುವುದು ಸಾಧ್ಯವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಭಾರತದಲ್ಲಿ ದೂರಸಂವೇದನೆಯ ಮೊದಲ ಪ್ರಯೋಗ ನಡೆದದ್ದೇ ತೋಟದ ಬೆಳೆಯ ಮೇಲೆ. 1970ರಲ್ಲಿ ಪಿ. ಆರ್. ಪಿಷಾರಟಿಯವರ ಮುಂದಾಳುತನದಲ್ಲಿ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಿಸಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಹಿಡಿಯುವ ಫಿಲ್ಮಿನಲ್ಲಿ ಚಿತ್ರ ತೆಗೆದು, ಬೇರು ಸೊರಗು ರೋಗದ ಮರಗಳನ್ನು ಗುರುತಿಸಿದರು. ಅಲ್ಲಿ ಚಿತ್ರ ಚೆಲುವಾಗಿರಬೇಕೆಂಬ ಆಸೆ ಇರಲಿಲ್ಲ, ಬಣ್ಣದ ವ್ಯತ್ಯಾಸ ಇದ್ದಂತೆಯೇ ಉಳಿಯಬೇಕಾಗಿತ್ತು. ಕಾಫಿ ಬೆಳೆಗಾರ ಸದಸ್ಯರು ಇನ್ನೊಂದನ್ನೂ ಗಮನಿಸಬೇಕು. ನೆರಳಿನ ಕೆಳಗಿರುವ ಕಾಫಿ ಗಿಡ ಮೇಲಿನ ಚಿತ್ರಕ್ಕೆ ಸಿಗುವುದಿಲ್ಲ, ಸಿಗುವುದು ಸಿಲ್ವರ್ ಓಕಿನ ನೆತ್ತಿ ಮಾತ್ರ.

ಗಡಿಯ ಮಾತು ಇದಕ್ಕಿಂತ ಗಂಭೀರವಾದದ್ದು. 330 ಅಡಿ ಉದ್ದದ ಬದುವಿನ ಉದ್ದಕ್ಕೂ ಚಿತ್ರ 28 ಅಡಿ ಸರಿದರೆ ಎಂಟೂವರೆ ಗುಂಟೆ ನೆಲ ಒಬ್ಬರಿಂದ ಇನ್ನೊಬ್ಬರಿಗೆ ಹೋದಂತೆ ಕಾಣುತ್ತದೆ. ನೆಲ ಎಲ್ಲಿಗೂ ಹೋಗಿಲ್ಲ, ಸರಿದದ್ದು ಚಿತ್ರ. ಇಂಥ ಚಿತ್ರವನ್ನು ಹಿಡಿದು ಅಣ್ಣತಮ್ಮಂದಿರು, ನೆರೆಹೊರೆಯವರು ಮಾತು ಬಿಡುವ ಪ್ರಸಂಗ ಬರಬಾರದು. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ಸಿದ್ಧಪಡಿಸಿದ ದಿಶಾಂಕ್ ಫೋನಿನಲ್ಲಿ ನಾವು ನಿಂತ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ನಂಬರು ತಿಳಿಯಲು ಅದು ಬಹಳ ಉಪಯುಕ್ತ, ಬದುವಿನ ಕಲ್ಲು ನೆಡಲು ಅಲ್ಲ. ಗಡಿಯ ವಿವಾದಕ್ಕೆ ಭೂಮಾಪಕರಿಂದ ಹದ್ದುಬಸ್ತು ಮಾಡಿಸುವುದೇ ಸರಿಯಾದ ದಾರಿ. ಅದರಲ್ಲಿ ಪಕ್ಕದ ಹಿಡುವಳಿದಾರರಿಗೂ ನೋಟೀಸು ಹೋಗುತ್ತದೆ, ಅವರ ಸಮ್ಮುಖದಲ್ಲಿ ಅಳತೆ ನಡೆಯುತ್ತದೆ.

ಡ್ರೋನಿನವರನ್ನು ಕೇಳಬೇಕಾದ ಪ್ರಶ್ನೆಗಳು

ಹಣ ಕೊಟ್ಟು ತೋಟದ ಚಿತ್ರ ತೆಗೆಸುವ ಸದಸ್ಯರು ಈ ಕೆಳಗಿನವುಗಳನ್ನು ಮೊದಲೇ ಕೇಳಿ ಬರೆಸಿಕೊಳ್ಳುವುದು ಲೇಸು.

1. ಚಿತ್ರ ತೆಗೆದ ದಿನಾಂಕ ಮತ್ತು ಹೊತ್ತು ಯಾವುದು? ಒಂದೇ ದಿನದ್ದೋ, ಹಲವು ದಿನಗಳದ್ದೋ?

2. ಒಂದು ಚುಕ್ಕಿಗೆ ಎಷ್ಟು ಸೆಂಟಿಮೀಟರ್ ನೆಲ?

3. ನೆಲದ ಮೇಲೆ ಎಷ್ಟು ಗುರುತು ಹಾಕಿ ಅಳೆದರು? ಅಳತೆಗೂ ಚಿತ್ರಕ್ಕೂ ಬಂದ ಅಂತರವೆಷ್ಟು?

4. ಓರೆ ತಿದ್ದಿದ್ದು ಬರಿಯ ನೆಲಕ್ಕೋ, ಮರದ ಎತ್ತರ ಹಿಡಿದೋ?

5. ಬಣ್ಣ ತಿದ್ದದ ಮೂಲ ಚಿತ್ರಗಳನ್ನೂ ಕೊಡುತ್ತೀರಾ? ರೋಗ ನೋಡಲು ಬೇಕಾದದ್ದು ಅವೇ.

6. 2021ರ ಡ್ರೋನ್ ನಿಯಮಗಳ ಪ್ರಕಾರ ಡ್ರೋನಿನ ನೋಂದಣಿ ಆಗಿದೆಯೆ? ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಲು ಬೇರೆ ಅನುಮತಿ ಬೇಕಿಲ್ಲ, ಉಳಿದ ವಲಯಗಳಲ್ಲಿ ಬೇಕು.

ಚಿತ್ರ ಕೈಗೆ ಬಂದ ಮೇಲೆ ಒಂದು ಸುಲಭ ಪರೀಕ್ಷೆ ಮಾಡಿ ನೋಡಬಹುದು. ತೋಟದಲ್ಲಿ ಮೇಲಿನಿಂದ ಕಾಣುವಂಥ ಎರಡು ವಸ್ತುಗಳನ್ನು, ಉದಾಹರಣೆಗೆ ಬಾವಿಯ ಕಟ್ಟೆ ಮತ್ತು ಪಂಪ್ ಮನೆಯ ಮೂಲೆಯನ್ನು, ಆರಿಸಿಕೊಂಡು ಟೇಪು ಹಿಡಿದು ಅಳೆಯಿರಿ. ಚಿತ್ರದಲ್ಲಿಯೂ ಅದೇ ದೂರ ತೆಗೆಯಿರಿ. ತೋಟದ ಇನ್ನೊಂದು ತುದಿಯಲ್ಲಿಯೂ ಹೀಗೆಯೇ ಮಾಡಿ. ಎರಡು ಕಡೆಯೂ ಅಳತೆ ಕೂಡಿ ಬಂದರೆ ಚಿತ್ರ ಹಿಗ್ಗಿಲ್ಲ, ಕುಗ್ಗಿಲ್ಲ ಎಂದಾಯಿತು. ಚಿತ್ರ ಇಡಿಯಾಗಿ ಪಕ್ಕಕ್ಕೆ ಸರಿದಿದ್ದರೆ ಈ ಪರೀಕ್ಷೆಯಲ್ಲಿ ಸಿಗದು, ಅದಕ್ಕೆ ಮೂರನೆಯ ಪ್ರಶ್ನೆಯ ಉತ್ತರವೇ ಬೇಕು. ಅಳತೆ ಕೂಡದಿದ್ದರೆ ಆ ಚಿತ್ರವನ್ನು ತೋಟದ ಅಂದ ನೋಡಲು ಇಟ್ಟುಕೊಳ್ಳಿ, ಅದರ ಮೇಲೆ ಗೊಬ್ಬರದ ಲೆಕ್ಕವನ್ನಾಗಲಿ, ಮರದ ಲೆಕ್ಕವನ್ನಾಗಲಿ, ಬದುವಿನ ಲೆಕ್ಕವನ್ನಾಗಲಿ ಕಟ್ಟಬೇಡಿ.